ಆ ಅಜ್ಜಮ್ಮನಿಗೆ ಹೇಳಬೇಕಾಗಿದ್ದ ಮಾತು

ನಮ್ಮ ಮನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಆಳಿಗೆ ಒಂದೇ ಬೆಳಿಗ್ಗೆಯಲ್ಲಿ ಟ್ರಾಕ್ಟರು ಓಡಿಸುವುದನ್ನು ಕಲಿಸಿದರು. ಹಿಂದಿನ ಸಂಜೆ ನನ್ನ ಮೈದುನ ಟ್ರಾಕ್ಟರಿನಲ್ಲಿ ಆಲೆಮನೆಗೆ ಕಬ್ಬು ಸಾಗಿಸುವಾಗ, ಸೈಕಲ್ಲಿನಲ್ಲಿ ಹುಲ್ಲು ತರುತ್ತಿದ್ದ ಪಕ್ಕದೂರಿನ ಮುದುಕರೊಬ್ಬರಿಗೆ ನಾಲೆಯ ಏರಿಯ ಮೇಲೆ ಗುದ್ದಿದ್ದ. ಅವರು ಅಲ್ಲೇ ತೀರಿಕೊಂಡಿದ್ದರು. ಮೈದುನ ಟ್ರಾಕ್ಟರನ್ನು ಅಲ್ಲೇ ಬಿಟ್ಟು, ಗದ್ದೆ ಹಾಯ್ದು ಮನೆ ಸೇರಿದ್ದ. ನೋಡಿದವರು ಯಾರೂ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನಾನು ಪಾಂಡವಪುರದ ಹತ್ತಿರದ ಆ ಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮೈದುನನಿಗೆ ಹೊಸಹೊಳಲಿನ ಹುಡುಗಿ ಗೊತ್ತಾಗಿದ್ದಳು. ಸರ್ಕಾರಿ ಕೆಲಸದ ಆರ್ಡರು ಇನ್ನೇನು ಬರುವುದರಲ್ಲಿತ್ತು. ಕೇಸಾದರೆ ಎರಡೂ ಕೈಬಿಡುತ್ತವೆಂದು ಬೆಳಕು ಹರಿಯುತ್ತಲೇ ಮಾವ ಆಳನ್ನು ಕರೆಸಿದರು. ಅವನು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಜಗಲಿಯ ಕೆಳಗೆ ನಿಂತ.

"ಒಂದ್ ವರ್ಸ ಆಗ್ಬೋದು ಕಣ್ಲಾ, ಅಷ್ಟೇಯ. ನಾಲೆ ಕೆಳಗಿನ ಹತ್ತು ಗುಂಟೆ ಗದ್ದೆ ನಿಂಗೆ. ಅಲ್ಲೀಗಂಟ ನಿನ್ನ ಎಂಡ್ರು ಮಕ್ಕಳಿಗೆ ರಾಗಿ ನಮ್ದು," ಎಂದರು ಮಾವ.

ಅವನು ಟವೆಲಿನ ಅಂಚನ್ನು ಮಡಿಸುತ್ತಲೇ ಇದ್ದ. "ಆ ಅಜ್ಜಪ್ಪನ ಅಟ್ಟೀಲಿ ಮಜ್ಜಿಗೆ ಕುಡ್ದಿವ್ನಿ ಗೌಡ್ರೆ. ಜೈಲ್ಗೋಯ್ತೀನಿ. ಎಲ್ಲಾ ಮುಗುದ್ಮೇಲೆ ಆ ಅಜ್ಜಮ್ಮಂಗೆ ಮಾತ್ರ ನಾನಲ್ಲ ಅಂತ ಯೇಳ್ಬುಡ್ಬೇಕು."

"ಯೇಳನ ಬುಡ್ಲಾ."

ಅತ್ತೆ ವೀಳ್ಯದೆಲೆ, ಅಡಿಕೆ ತಂದು ಅವನ ಕೈಗಿಟ್ಟರು. ವೀಳ್ಯ ಹಿಡಿದ ಮೇಲೆ ಕಾಗದ ಪತ್ರ ಬೇಕಿರಲಿಲ್ಲ. ಕಾನ್ವೆಂಟಿನಲ್ಲಿ ಗೆಳತಿಯ ತಪ್ಪಿಗೆ ಇನ್ನೊಬ್ಬಳು ಎದ್ದು ನಿಂತು "ನಾನು ಸಿಸ್ಟರ್" ಎಂದರೆ ನಾವೆಲ್ಲ ಅವಳನ್ನು ಒಂದು ವಾರ ಗೌರವದಿಂದ ನೋಡುತ್ತಿದ್ದೆವು. ಈ ಮನೆಯಲ್ಲಿ ಆ ಬೆಳಿಗ್ಗೆ ಅವನ ಮುಖವನ್ನು ಯಾರೂ ನೋಡಲಿಲ್ಲ.

ಸ್ಟೇಷನ್ನಿನಲ್ಲಿ ಓಡಿಸಿ ತೋರಿಸು ಎಂದರೇನು ಗತಿ ಎಂದು ನನ್ನ ಗಂಡ ದಾಯಾದಿಗಳ ಟ್ರಾಕ್ಟರು ತರಿಸಿ ಅವನನ್ನು ಹತ್ತಿಸಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. "ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು ಕಣ್ಲಾ," ಎಂದು ಕೂಗುತ್ತಿದ್ದರು. ಅವನು ಸ್ಟೇರಿಂಗನ್ನು ಎತ್ತಿನ ಹಗ್ಗದಂತೆ ಎದೆಗೆಳೆದುಕೊಂಡು "ಹೋ... ಹೋ..." ಎಂದ. ಟ್ರಾಕ್ಟರು ಹೋಗಿ ಹುಲ್ಲಿನ ಮೆದೆಗೆ ಮೂತಿಯಿಟ್ಟು ನಿಂತಿತು.

"ಲೇ, ಅದ್ಕೇನು ಮೂಗುದಾರ ಆಕವ್ರೇನ್ಲಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ನಾನೂ ನಕ್ಕೆ. ಮಧ್ಯಾಹ್ನ ಉಂಡು, ತಟ್ಟೆ ತೊಳೆದಿಟ್ಟು, ಸ್ಟೇಷನ್ನಿಗೆ ಹೋದ.

ಕೆಲವು ತಿಂಗಳ ಮೇಲೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಹೇಗಾಯಿತೆಂದು ಜಡ್ಜು ಕೇಳಿದಾಗ ಅವನು, "ಹೋ ಅಂದೆ ಸ್ವಾಮಿ, ನಿಲ್ನಿಲ್ಲ," ಎಂದನಂತೆ. ಕೋರ್ಟಿಗೆ ಕೋರ್ಟೇ ನಕ್ಕಿತಂತೆ. ಗಾಡಿ ಹೊಡೆಯುವವನ ಬಾಯಿಂದಲ್ಲದೆ ಆ ಮಾತು ಬರುವುದಿಲ್ಲವೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನ್ನ ಗಂಡ ಮುದ್ದೆ ಮುರಿಯುತ್ತಾ ಇದನ್ನು ಹೇಳಿ, "ಆ ಮುದುಕಿ ಹಿಂದಿನ ಬೆಂಚಲ್ಲಿ ಕುಂತಿತ್ತು," ಎಂದು ಸೇರಿಸಿದರು. ಒಂದು ವರ್ಷ ಶಿಕ್ಷೆಯಾಯಿತು.

ಆ ವರ್ಷ ಮೈದುನನ ಕೆಲಸದ ಆರ್ಡರು ಬಂತು, ಮದುವೆಯೂ ಆಯಿತು. ಆಳಿನ ಹೆಂಡತಿ ವಾರಕ್ಕೊಮ್ಮೆ ಹಿತ್ತಲ ಬಾಗಿಲಿಗೆ ಬಂದು ರಾಗಿ ಒಯ್ಯುತ್ತಿದ್ದಳು. ಗಂಡನ ಹಳೆಯ ಪಂಚೆಯಲ್ಲೇ ಗಂಟು ಕಟ್ಟಿಕೊಳ್ಳುತ್ತಿದ್ದಳು.

ಅವನು ಬಿಡುಗಡೆಯಾಗಿ ಬಂದ ದಿನ ಅತ್ತೆ ಅಂಗಳ ತುಳಿಯಲು ಬಿಡದೆ ಮೊದಲು ಬಾವಿಯ ಹತ್ತಿರ ತಲೆಗೆ ನೀರು ಹುಯ್ಯಿಸಿ, ಹೊಸ ಪಂಚೆ ಕೊಟ್ಟರು. ಕಾಫಿ ಲೋಟ ಕೊಡುವಾಗ ನೋಡಿದೆ, ಅಂಗೈಯ ಜಡ್ಡೆಲ್ಲ ಹೋಗಿ ಮೆತ್ತಗಾಗಿತ್ತು. ಮಾವ ಗದ್ದೆಯನ್ನು ರಿಜಿಸ್ಟರು ಮಾಡಿಸಿಕೊಟ್ಟರು. ಇನ್ನೊಂದು ಮಾತನ್ನು ಅವನು ನೆನಪಿಸಿದಾಗ, "ಈಗ್ಯಾಕ್ಲಾ ಅದು? ಮನೇಲಿ ಚಿಕ್ ಸೊಸೆ ಬಸುರಿ ಅವ್ಳೆ," ಎಂದು ಎದ್ದುಹೋದರು.

ಅವನು ಹಿತ್ತಲಿಗೆ ಬಂದು ನಿಂತ. "ಅಮ್ಮಾವ್ರೆ, ನೀವು ಓದ್ದೋರು. ನೀವೇ ಒಂದ್ ಮಾತು ಯೇಳ್ಬುಡಿ ಆ ಅಜ್ಜಮ್ಮಂಗೆ. ಯಾರ್ಗೂ ಯೇಳ್ಬ್ಯಾಡಿ ಅಂದ್ರೆ ಯೇಳಾಕಿಲ್ಲ ಅವ್ರು."

ಆಗಲಿ ಎಂದೆ. ನಾಲ್ಕು ಸೇರು ಅಕ್ಕಿ ಕಟ್ಟಿಕೊಂಡು ಒಬ್ಬಳೇ ಹೋದೆ. ಯಾವ ಮನೆಯವಳೆಂದು ಹೇಳಿದರೂ ಅಜ್ಜಮ್ಮ ಚಾಪೆ ಹಾಸಿ, ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟರು. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಿತ್ತು.

"ನೀವೇನ್ ಮಾಡೀರಿ ಬುಡವ್ವ. ಓಡ್ಸಿದ್ದು ಅವ್ನು. ನನ್ ಗಂಡನ್ ಸಾವ ಯೇಳ್ಕಂಡು ಕೋರ್ಟ್ನಲ್ಲಿ ಜನುನ್ನೆಲ್ಲ ನಗುಸ್ಬುಟ್ಟ. ಓಡ್ಸಿದ್ ಕೈಗೆ ಉಳ ಬೀಳ. ಅವ್ನ ಮನೇಲಿ ತೊಟ್ಲು ತೂಗ್ದೇ ಓಗ್ಲಿ."

ಹೇಳಲೆಂದು ನನ್ನ ಬಾಯಿ ತೆರೆದಿತ್ತು. ಮನೆಯಲ್ಲಿ ಮೈದುನನ ಹೆಂಡತಿ, ನನ್ನ ಓರಗಿತ್ತಿ, ಐದು ತಿಂಗಳ ಬಸುರಿ. ಬೆಳಿಗ್ಗೆ ಹೊರಡುವಾಗ ಹುಣಸೆಕಾಯಿ ತನ್ನಿ ಅಕ್ಕಾ ಎಂದಿದ್ದಳು. ನಾನು ಮಜ್ಜಿಗೆ ಕುಡಿದು ಮುಗಿಸಿ, ಲೋಟ ಬೋರಲು ಹಾಕಿ, ಬಂದುಬಿಟ್ಟೆ.

ಅವನು ದಾರಿ ಕಾಯುತ್ತಿದ್ದ. "ಹೇಳಿದೆ," ಎಂದೆ. ಅವನು ಕೈಮುಗಿದ.

ಎರಡು ತಿಂಗಳಿಗೆ ಅವನ ಗದ್ದೆಯ ಬದುವಿನಲ್ಲಿ ಬದನೆ ಬಿಟ್ಟಿತು. ಮೊದಲ ಕೊಯ್ಲನ್ನು ಕುಕ್ಕೆಯಲ್ಲಿ ಹೊತ್ತು ಅಜ್ಜಮ್ಮನ ಮನೆಗೆ ಹೋದನೆಂದು ಅವನ ಹೆಂಡತಿ ಬಂದು ಹೇಳಿದಾಗ ನನ್ನ ಕೈ ಒರಳಿನಲ್ಲೇ ನಿಂತಿತು. ಸಂಜೆ ಅವನು ಅದೇ ಕುಕ್ಕೆಯನ್ನು ತಂದು ನನ್ನ ಹಿತ್ತಲ ಮೆಟ್ಟಿಲ ಮೇಲಿಟ್ಟ. ಅಂಗಳಕ್ಕೆ ಎಸೆದಂತೆ ಕಾಯಿಗಳಿಗೆ ಮಣ್ಣು ಮೆತ್ತಿತ್ತು, ಕೆಲವು ಒಡೆದಿದ್ದವು. ನಿಜಕ್ಕೂ ಹೇಳಿದಿರಾ ಎಂದು ಕೇಳುತ್ತಾನೆಂದು ಕಾದೆ.

"ತೊಳ್ಕಂಡ್ರೆ ಸಾರ್ಗಾಯ್ತವೆ ಅಮ್ಮಾವ್ರೆ," ಎಂದು ಎತ್ತು ಕಟ್ಟಲು ಹೋದ.

ಒಂದೊಂದನ್ನೇ ತೊಳೆದೆ. ಮತ್ತೆ ಆ ಊರಿಗೆ ಹೋಗಿ ನಿಜ ಹೇಳಬೇಕೆಂದು ಎಷ್ಟೋ ಬೆಳಿಗ್ಗೆ ಸೀರೆ ಬದಲಿಸಿದ್ದೇನೆ. ಹೋಗಲಿಲ್ಲ. ಅಜ್ಜಮ್ಮ ಮೂರು ವರ್ಷ ಬದುಕಿದ್ದರು.

ಓರಗಿತ್ತಿಗೆ ಗಂಡುಮಗುವಾಯಿತು. ಪಾಂಡವಪುರದಿಂದ ತೊಟ್ಟಿಲನ್ನು ಗಾಡಿಯಲ್ಲಿ ತಂದು, ಹೊತ್ತು ಒಳಗಿಟ್ಟವನು ಅವನೇ. ನಾನು ಕಾಫಿ ಕೊಟ್ಟೆ. ಬೇಡ ಅನ್ನಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕುಳಿತು ಕುಡಿದು, ಲೋಟ ತೊಳೆದಿಟ್ಟು ಹೋದ.