ತಾರಸಿಯ ಮೇಲಿನ ಬಾಡಿಗೆ ತೋಟ

ಕೃಷಿ ಇಲಾಖೆಯ ಮೂರನೇ ಮಹಡಿಯಲ್ಲಿ ಜಾಗತಿಕ ಆಹಾರ ಭದ್ರತೆಯ ವಿಭಾಗವಿತ್ತು. ಅಲ್ಲಿನ ಉಪನಿರ್ದೇಶಕರನ್ನು ಕಚೇರಿಯವರೆಲ್ಲ ಬೆನ್ನ ಹಿಂದೆ 'ಟಿಪ್ಪಣಿ ಸಾಹೇಬರು' ಎನ್ನುತ್ತಿದ್ದರು. ಯಾವ ದೇಶದಲ್ಲಿ ಹಸಿವಿನ ಸುದ್ದಿ ಬಂದರೂ ಮಧ್ಯಾಹ್ನ ಊಟಕ್ಕೆ ಏಳುವ ಮೊದಲೇ ಅದಕ್ಕೊಂದು ಟಿಪ್ಪಣಿ ಬರೆದು ಮುಗಿಸುವ ಚುರುಕು ಅವರದು. ದರ್ಜಿಯ ಮಗನಾಗಿ ಪೇಟೆಯ ನಡುವೆ ಬೆಳೆದು, ಪರೀಕ್ಷೆ ಪಾಸುಮಾಡಿ ಇಲಾಖೆ ಸೇರಿದವರು. ನೀರಾವರಿ, ಬಿತ್ತನೆ ಬೀಜ, ಮಣ್ಣಿನ ಆರೋಗ್ಯ, ಯಾವುದನ್ನು ಕೇಳಿದರೂ ಪುಟಗಟ್ಟಲೆ ಬರೆಯಬಲ್ಲರು. ಮಣ್ಣು ಅವರ ಕೈಗೆ ಹತ್ತುತ್ತಿದ್ದದ್ದು ಮಾತ್ರ ಬೂಟು ಒರೆಸುವಾಗ.

ಒಮ್ಮೆ ಮಿತ್ರದೇಶದ ನಿಯೋಗ ಬಂತು. ಸ್ವಾಗತ ಭಾಷಣ ಸಾಹೇಬರ ಪಾಲಿಗೆ ಬಿತ್ತು. ಚಪ್ಪಾಳೆಯ ಹುಮ್ಮಸ್ಸಿನಲ್ಲಿ, ಹಾಳೆಯಲ್ಲಿ ಇಲ್ಲದ ಒಂದು ಮಾತು ಬಾಯಿಂದ ಜಾರಿತು: "ನಾನೂ ನಮ್ಮ ಮನೆ ತಾರಸಿಯಲ್ಲಿ ತರಕಾರಿ ಬೆಳೆದೇ ತಿನ್ನೋದು."

ನಿಯೋಗದ ಮುಖ್ಯಸ್ಥೆ, ತಲೆ ನರೆತ ಸಸ್ಯವಿಜ್ಞಾನಿ, ದುಭಾಷಿಯ ಕಿವಿಯಲ್ಲಿ ಏನೋ ಹೇಳಿದರು. ಆತ ಎದ್ದು ನಿಂತು, "ಮೇಡಂ ನಾಳೆ ನಿಮ್ಮ ತೋಟ ನೋಡಬೇಕಂತೆ" ಎಂದ.

"ಅದಕ್ಕೇನಂತೆ, ಬನ್ನಿ ಬನ್ನಿ!" ಎಂದುಬಿಟ್ಟರು ವೇದಿಕೆಯಲ್ಲಿದ್ದ ಇಲಾಖೆಯ ನಿರ್ದೇಶಕರು.

ಸಾಹೇಬರ ತಾರಸಿಯಲ್ಲಿ ಬೆಳೆಯುತ್ತಿದ್ದದ್ದು ನೀರಿನ ಟ್ಯಾಂಕಿನ ಪಾಚಿಯೊಂದೇ. ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಡತಿ ಸುದ್ದಿ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಲ ರೀ, ಪುದೀನ ತನ್ನಿ ಅಂದ್ರೆ ಕೊತ್ತಂಬರಿ ತರೋರು ನೀವು! ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ?"

"ಆಗಿದ್ದು ಆಗೋಯ್ತು ಮಾರಾಯ್ತಿ. ನಿನ್ನ ತಮ್ಮನ್ನ ಕರಿ."

ಅವಳ ತಮ್ಮ ಸಭೆ ಸಮಾರಂಭಗಳಿಗೆ ಕುರ್ಚಿ, ಹೂಕುಂಡ ಬಾಡಿಗೆಗೆ ಕೊಡುವವನು. ಸಂಜೆಗೆಲ್ಲ ವ್ಯಾನು ತುಂಬ ಕುಂಡ ತಂದು ತಾರಸಿಯಲ್ಲಿ ಸಾಲಾಗಿ ಜೋಡಿಸಿದ.

"ಭಾವ, ನನ್ನ ಹತ್ರ ಇರೋದೆಲ್ಲ ಬರೀ ಎಲೆ. ಕಾಯಿ ಬೇಕಂದ್ರೆ ನೀವೇ ಕಟ್ಕೋಬೇಕು" ಎಂದು ನಕ್ಕ.

ಅವನು ಹೇಳಿದ್ದು ತಮಾಷೆಗೆ. ಸಾಹೇಬರು ಚೀಲ ಹಿಡಿದು ಮಾರುಕಟ್ಟೆಗೆ ಓಡಿದರು. ಟೊಮೆಟೊ, ಬದನೆ, ಮೆಣಸಿನಕಾಯಿ ತಂದು ಹಸಿರು ದಾರದಲ್ಲಿ ಒಂದೊಂದಾಗಿ ಕಟ್ಟಿದರು. ಅಪ್ಪನ ಪಕ್ಕ ಕೂತು ಕಲಿತ ಗಂಟು, ಒಂದೂ ಸಡಿಲವಾಗಲಿಲ್ಲ.

ಮರುದಿನ ನಿಯೋಗ ಮೆಟ್ಟಿಲು ಹತ್ತಿ ಬಂತು. ವಿಜ್ಞಾನಿ ಕನ್ನಡಕ ಏರಿಸಿ ಕುಂಡದಿಂದ ಕುಂಡಕ್ಕೆ ಬಗ್ಗಿ ನೋಡುತ್ತ ಬಂದು ಒಂದು ಗಿಡದ ಮುಂದೆ ನಿಂತರು. ಗಡಿಬಿಡಿಯಲ್ಲಿ ಸಾಹೇಬರು ಅದಕ್ಕೆ ಟೊಮೆಟೊ, ಬದನೆ ಎರಡನ್ನೂ ಕಟ್ಟಿದ್ದರು. ಆಕೆ ದಾರವನ್ನು ಬೆರಳಿನಿಂದ ಮೆಲ್ಲಗೆ ಮೀಟಿದರು. ಸಾಹೇಬರು ನೀರಿನ ಟ್ಯಾಂಕಿನ ಮರೆಗೆ ಸರಿದರು.

"ನಮ್ಮ ಇಲಾಖೆಯ ಹೊಸ ಪ್ರಯೋಗ ಮೇಡಂ. ಒಂದೇ ಗಿಡ, ಎರಡು ಬೆಳೆ!" ಎಂದರು ನಿರ್ದೇಶಕರು. ಅವರು ನಿಜವಾಗಿಯೂ ಹಾಗೆಂದೇ ನಂಬಿದ್ದರು.

ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಏನೋ ಹೇಳಿದರು. ದುಭಾಷಿ ತಡವರಿಸಿದ. "ಅವರ ದೇಶದಲ್ಲಿ ಮಂತ್ರಿ ಬಂದಾಗ ತಂತಿಯಲ್ಲಿ ಕಟ್ತಾರಂತೆ. ದಾರವೇ ವಾಸಿ, ಗಿಡಕ್ಕೆ ನೋವಾಗಲ್ಲ ಅಂತಿದಾರೆ."

"ನೋಡಿದ್ರಾ, ತಾಂತ್ರಿಕ ಅನುಭವದ ವಿನಿಮಯ ಅಂದ್ರೆ ಇದು!" ಎಂದರು ನಿರ್ದೇಶಕರು. ಜಂಟಿ ಹೇಳಿಕೆಯಲ್ಲೂ ಅದೇ ಮಾತು ಅಚ್ಚಾಯಿತು.

ಕುಂಡಗಳು ಬೆಳಗಾಗುತ್ತಲೇ ಯಾರದೋ ಮದುವೆಗೆ ಹೊರಟವು. ಟೊಮೆಟೊ ಸಾರಿಗೆ ಬಿತ್ತು. ಇತ್ತ 'ಮನೆಮನೆಗೆ ತಾರಸಿ ತೋಟ' ಯೋಜನೆ ಮಂಜೂರಾಗಿ, ಸಾಹೇಬರೇ ಅದರ ಮುಖ್ಯಸ್ಥರಾದರು. ಅವರು ಬರೆದ ಕೈಪಿಡಿ ಹನ್ನೊಂದು ದೇಶಗಳಿಗೆ ಹೋಯಿತು.

ಆದರೆ ಆ ಹೆಂಗಸಿನ ನಗು ಸಾಹೇಬರ ಕಿವಿಯಿಂದ ಹೋಗಲಿಲ್ಲ. ಆಕೆ ಬೈದಿದ್ದರೆ ಮರೆಯಬಹುದಿತ್ತು. ಇವನೂ ನಮ್ಮವನೇ ಎಂಬಂತೆ ನಕ್ಕಿದ್ದರು. ಒಂದು ಗಿಡವನ್ನಾದರೂ ಬೆಳೆಸಿಯೇ ತೀರಬೇಕೆಂದು ಕುಂಡ ತಂದು ಹುರುಳಿಕಾಯಿ ಬೀಜ ಹಾಕಿದರು. ತಮ್ಮದೇ ಕೈಪಿಡಿಯ ಪ್ರಕಾರ ಬೆಳಿಗ್ಗೆ ಸಂಜೆ ತುಂಬ ನೀರು ಹೊಯ್ದರು. ಏನೂ ಮೇಲೆ ಬರಲಿಲ್ಲ. ಮತ್ತೆ ಹಾಕಿದರು, ಮತ್ತೂ ಇಲ್ಲ. ಕೊನೆಗೆ ಹೆಂಡತಿ ಮಣ್ಣಿಗೆ ಬೆರಳು ಹಾಕಿ ನೋಡಿದಳು.

"ಬರೀ ಕೆಸರು ರೀ. ಬೀಜ ಮುಳುಗಿ ಸತ್ತಿದೆ."

ಹನ್ನೊಂದು ದೇಶಗಳ ತಾರಸಿಗಳು ಒಮ್ಮೆಲೇ ಸಾಹೇಬರ ಕಣ್ಣ ಮುಂದೆ ಬಂದವು. ಕೈಪಿಡಿ ತಿದ್ದಬೇಕೆಂದು ಅಂದೇ ಟಿಪ್ಪಣಿ ಕಳಿಸಿದರು. ಮೇಲಿನಿಂದ ಉತ್ತರ ಬಂತು: 'ಕೈಪಿಡಿಯು ಈಗಾಗಲೇ ಜಾರಿಯಲ್ಲಿರುವುದರಿಂದ ಬೀಜದ ವರ್ತನೆಯನ್ನು ಪರಿಶೀಲಿಸತಕ್ಕದ್ದು.'

ಅಂದಿನಿಂದ ಕಚೇರಿಗೆ ಹೊರಡುವ ಮೊದಲು ಸಾಹೇಬರು ಮಣ್ಣು ಮುಟ್ಟಿ ನೋಡಿ, ಒಣಗಿದ್ದರಷ್ಟೇ ನೀರು ಹಾಕತೊಡಗಿದರು. ಈ ಸಲ ಮೊಳಕೆ ಒಡೆಯಿತು. ಎಲೆ ಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಎಲೆ ಅರ್ಧ ಮಾಯ!

"ಬಾರೇ ಇಲ್ಲಿ, ಯಾವುದೋ ಹುಳ ತಿಂದ್ಬಿಟ್ಟಿದೆ!" ಎಂದು ಕೂಗಿದರು. ದನಿಯಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಹೆಂಡತಿ ಸೌಟು ಹಿಡಿದೇ ಮೇಲೆ ಬಂದು ಬಗ್ಗಿ ನೋಡಿದಳು.

"ಸದ್ಯ, ನಿಮ್ಮ ಇಲಾಖೆಯಿಂದ ಒಬ್ಬರ ಹೊಟ್ಟೆಯಾದ್ರೂ ತುಂಬ್ತಲ್ಲ."