ಒದ್ದೆ ಕೈಗೆ ಒಗ್ಗಿದ ಸಾಫ್ಟ್‌ವೇರ್

ಬೆಳಗಿನ ಐದೂಮುಕ್ಕಾಲು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನ ಟ್ಯಾಂಕಿನ ಬುಡದ ಹೊಂಡಕ್ಕಿಳಿದ ನೀರುಗಂಟಿ ಸುಂಕಪ್ಪ ವಾಲ್ವ್ ತಿರುಗಿಸುತ್ತಿದ್ದಾರೆ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಯಶೋಧರಾ ಅವರ ಕಣ್ಣು ನೀರಿನ ಮೇಲಿಲ್ಲ, ಸುಂಕಪ್ಪನವರ ಕೈಮೇಲಿದೆ. ಆ ಒದ್ದೆ ಕೈ ಜೇಬಿನಿಂದ ಹಳೆಯ ಕೀಪ್ಯಾಡ್ ಫೋನು ತೆಗೆದು ಎರಡನೇ ಅಂಕಿಯನ್ನು ಒತ್ತಿ ಹಿಡಿಯುತ್ತದೆ. ಒಂದು ರಿಂಗು, ಕಟ್. ಅಷ್ಟೇ. ಸ್ವಲ್ಪ ಹೊತ್ತಿಗೆ ಎರಡನೇ ಓಣಿಯ ಮನೆಮನೆಯಲ್ಲೂ ಫೋನುಗಳು ಬಡಿದುಕೊಳ್ಳುತ್ತವೆ. ಬಾಗಿಲುಗಳು ತೆರೆಯುತ್ತವೆ, ಕೊಡಗಳು ಹೊರಬರುತ್ತವೆ.

“ಹತ್ತೊಂಬತ್ತಽ ಸೆಕೆಂಡಿನ್ಯಾಗ ಫೋನು ಬಡೀತು ಸುಂಕಪ್ಪಣ್ಣ! ಮೊನ್ನಿ ಮೂವತ್ತಿತ್ತು!” ಯಶೋಧರಾ ಎದ್ದು ನಿಂತು ಕೂಗುತ್ತಾರೆ.

ಕೂಡ್ಲಿಗಿಯ ಮೂವತ್ನಾಲ್ಕರ ಈ ಹೆಣ್ಣುಮಗಳು ಕೊಟ್ಟೂರಿನ ಬೀಜದಂಗಡಿಯೊಂದರ ಮಹಡಿಯ ಮೇಲಿರುವ ಐದು ಜನರ ಸಾಫ್ಟ್‌ವೇರ್ ಕಚೇರಿಯಲ್ಲಿ ಪರೀಕ್ಷಕಿ. ಉಳಿದವರು ಕಟ್ಟಿದ್ದು ನಡೆಯುತ್ತದೋ ಇಲ್ಲವೋ ನೋಡುವುದು ಅವರ ಕೆಲಸ. ಕುರ್ಚಿಯಲ್ಲಿ ಕೂತು ನೋಡಿದರೂ ಸಂಬಳ ಬರುತ್ತದೆ. ಆದರೆ ವಾರದಲ್ಲಿ ನಾಲ್ಕು ದಿನ ನಸುಕಿನಲ್ಲೇ ಸ್ಕೂಟರ್ ಹತ್ತುತ್ತಾರೆ. ಹನ್ನೊಂದು ಊರು, ಹದಿನೇಳು ನೀರುಗಂಟಿಗಳು, ಎರಡು ಸಾವಿರ ಚಿಲ್ಲರೆ ಮನೆಗಳು ಈಗ ಅವರ ಪಾಲಿಗಿವೆ.

ಇದಕ್ಕೊಂದು ಹಳೆಯ ಗಾಯ ಕಾರಣ. ಮೊದಲು ಹೊಸಪೇಟೆಯ ಒಂದು ಕಂಪನಿಯಲ್ಲಿದ್ದಾಗ ಅವರ ತಂಡ ಒಂದೂವರೆ ವರ್ಷ ಕೂತು ದೊಡ್ಡ ಸಾಫ್ಟ್‌ವೇರ್ ಕಟ್ಟಿತು. ಅದರ ವಿವರಣೆಯ ಕಡತವೇ ನಾನೂರು ಪುಟ. ಬಳಸಬೇಕಾದವರು ಅದನ್ನು ಕಂಡದ್ದು ಉದ್ಘಾಟನೆಯ ದಿನ, ಬಿಟ್ಟದ್ದು ಮರುವಾರ. ತಂಡ ಒಡೆಯಿತು, ಯಶೋಧರಾ ಮನೆಗೆ ಬಂದರು. “ನಾನೂರು ಪುಟದಾಗ ಒಂದು ತಪ್ಪಿರಲಿಲ್ರಿ. ಅದನ್ನ ಬಳಸೋ ಮನುಷ್ಯಾನೇ ಇರಲಿಲ್ಲ” ಎನ್ನುತ್ತಾರೆ.

ಕೊಟ್ಟೂರಿನಲ್ಲಿ ಕೆಲಸಕ್ಕೆ ಸೇರುವಾಗ ಮಾಲೀಕ ಗುರುಬಸವರಾಜರಿಗೆ ಒಂದೇ ಷರತ್ತು ಹಾಕಿದರು: ಎರಡು ವಾರಕ್ಕೊಮ್ಮೆ, ಎಷ್ಟು ಆಗಿದೆಯೋ ಅಷ್ಟನ್ನೇ, ಬಳಸುವವರ ಕೈಗೆ ಕೊಟ್ಟು ನೋಡಬೇಕು. ಸಾಫ್ಟ್‌ವೇರ್ ಲೋಕ ಇದಕ್ಕೆ ‘ಅಜೈಲ್’ ಎನ್ನುತ್ತದೆ. ಅದರ ಪಾಠವನ್ನು ಯಶೋಧರಾ ಮೊಬೈಲಿನಲ್ಲೇ ಕಲಿತವರು. “ಮಂದಿ ಜೋಡಿ ಮಾತಾಡ್ಬೇಕು, ನಡಿಯೋ ವಸ್ತು ತೋರಿಸ್ಬೇಕು, ತಪ್ಪಿದ್ರ ತಿರುಗಿಸ್ಬೇಕು. ನಮ್ಮವ್ವ ರೊಟ್ಟಿ ಬಡಿಯೋದೂ ಹಂಗಽ ಐತ್ರಿ” ಎಂದು ನಗುತ್ತಾರೆ.

ಕಳೆದ ವರ್ಷ ಹರಪನಹಳ್ಳಿಯ ಒಂದು ಸಂಸ್ಥೆ, ಯಾವ ಓಣಿಗೆ ಯಾವಾಗ ನೀರು ಎಂದು ತಿಳಿಸುವ ಆ್ಯಪ್ ಕೇಳಿತು. ಒಪ್ಪಂದದಲ್ಲಿ ನಕ್ಷೆ, ಪಟ್ಟಿ, ವರದಿ ಎಂದು ಅರವತ್ನಾಲ್ಕು ಅಂಶ. ಮೂರನೇ ಸಲ ತೋರಿಸುವ ದಿನ, ಮೊದಲ ಬಾರಿಗೆ ಹೊಂಡದ ಬಳಿಯೇ, ಯಶೋಧರಾ ಹೊಳೆಯುವ ಹೊಸ ಫೋನನ್ನು ಸುಂಕಪ್ಪನವರ ಕೈಗಿಟ್ಟರು. ಅವರು ವಾಲ್ವ್ ಬಿಟ್ಟು ಒಂದು ಸಲ ಒತ್ತಿದರು, ಎರಡು ಸಲ ಒತ್ತಿದರು, ಅಂಗಿಗೆ ಬೆರಳು ಒರೆಸಿ ಮತ್ತೆ ಒತ್ತಿದರು. “ನನ್ ಕೈ ಯಾವತ್ತೂ ತೊಯ್ದೇ ಇರ್ತೈತವ್ವಾ. ಈ ಫೋನು ನನ್ನ ಮಾತು ಕೇಳವಲ್ದು” ಎಂದು ವಾಪಸು ಕೊಟ್ಟರು.

ಆರು ವಾರದ ಕೆಲಸ ಅಲ್ಲಿಗೆ ನೀರುಪಾಲು. ಕೋಡ್ ಬರೆದ ಭೀಮರಾಜ ಸಿಟ್ಟಿನಿಂದ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದ. ಸಂಸ್ಥೆಯ ಗಂಗಾಂಬಿಕಾ ಒಪ್ಪಂದದ ಹಾಳೆ ಮುಂದಿಟ್ಟರು: “ಇದರಾಗ ಆ್ಯಪ್ ಅಂತ ಐತಿ. ಸಹಿ ಮಾಡೀರಿ. ಆ್ಯಪೇ ಕೊಡ್ರಿ.” ಕೆಲಸ ಕೈತಪ್ಪಿದರೆ ಐದೂ ಜನ ಬೀದಿಗೆ. ಗುರುಬಸವರಾಜರೂ ತಲೆ ತಗ್ಗಿಸಿದರು. ಯಶೋಧರಾ ಮಾತ್ರ, “ನಾಳೆ ಮುಂಜಾನೆ ಒಂದು ತಾಸು ನನ್ನ ಜೋಡಿ ಬರ್ರಿ ಮೇಡಂ. ಆಮ್ಯಾಲೆ ನೀವು ಹೇಳಿದಂಗ” ಎಂದರು.

ಮರುದಿನ ಗಂಗಾಂಬಿಕಾ ಸೆರಗು ಸಿಕ್ಕಿಸಿ ಹೊಂಡಕ್ಕಿಳಿದು ತಾವೇ ವಾಲ್ವ್ ತಿರುಗಿಸಿದರು. ಮುಖಕ್ಕೆ ನೀರು ಚಿಮ್ಮಿತು. ಒದ್ದೆ ಕೈಯಲ್ಲಿ ತಮ್ಮದೇ ಫೋನು ಹಿಡಿದು ಬೆರಳು ಆಡಿಸಿದರು, ಪರದೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಒಮ್ಮೆಲೇ ಜೋರಾಗಿ ನಕ್ಕುಬಿಟ್ಟರು. “ಸುಂಕಪ್ಪ, ನಿನಗ ಏನು ಬೇಕೋ ಮಾರಾಯ?” ಈ ಪ್ರಶ್ನೆಯನ್ನು ಅಷ್ಟು ದಿನದಲ್ಲಿ ಸಂಸ್ಥೆ ಕೇಳಿದ್ದು ಅದೇ ಮೊದಲು.

“ಒಂದು ಮಿಸ್ ಕಾಲ್ ಕೊಟ್ರ ಆಗಂಗಿಲ್ಲೇನ್ರಿ?” ಎಂದರು ಸುಂಕಪ್ಪ.

ಆ ಮಾತು ಕೇಳಿ ಭೀಮರಾಜನ ಸಿಟ್ಟು ಹಾರಿಹೋಯಿತು. ಒಂಬತ್ತೇ ದಿನದಲ್ಲಿ ಹೊಸದು ಸಿದ್ಧ: ಓಣಿಗೊಂದು ಅಂಕಿ, ಮಿಸ್ ಕಾಲ್ ಬಿದ್ದರೆ ಆ ಓಣಿಯ ಮನೆಗಳಿಗೆ ಕರೆ. ದನಿಗಾಗಿ ಯಾರನ್ನೂ ಹುಡುಕಲಿಲ್ಲ. ಯಶೋಧರಾ ಅವರೇ “ನಿಮ್ಮ ಓಣಿಗೆ ನೀರು ಬಂದೈತ್ರಿ” ಎಂದು ಹೇಳಿ ರೆಕಾರ್ಡ್ ಮಾಡಿದರು. ಮೊದಲ ದಿನವೇ ಎಡವಟ್ಟು. ಎರಡನೇ ಓಣಿಗೆ ನೀರು ಬಿಟ್ಟರೆ ಕರೆ ಮೂರನೆಯದಕ್ಕೆ ಹೋಯಿತು. ಖಾಲಿ ಕೊಡ ಹಿಡಿದ ಹೆಂಗಸರು ಮುತ್ತಿಕೊಂಡು ಬೈದರು. ಯಶೋಧರಾ ನಿಂತು ಪೂರ್ತಿ ಬೈಸಿಕೊಂಡರು, ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದುಕೊಂಡರು. ಮಧ್ಯಾಹ್ನದೊಳಗೆ ಅದು ಸರಿಯಾಯಿತು. ಆ ಬೈಗುಳದಲ್ಲೇ ಇನ್ನೊಂದು ಬೇಡಿಕೆಯೂ ಸಿಕ್ಕಿತ್ತು: ಕರೆಂಟ್ ಹೋಗಿ ನೀರು ಬಾರದಿದ್ದರೆ ಅದನ್ನೂ ಹೇಳಿ! ಮುಂದಿನ ಎರಡು ವಾರದಲ್ಲಿ ಅದೂ ಬಂತು.

ಹಲವಾಗಲಿನ ಮೈಲಮ್ಮ ಮೊದಲು ತಾಸುಗಟ್ಟಲೆ ನಲ್ಲಿ ಕಾಯುತ್ತಿದ್ದವರು. ಈಗ ಕರೆ ಬರುವತನಕ ಹೊಲದಲ್ಲಿರುತ್ತಾರೆ. ಮೊನ್ನೆ ಯಶೋಧರಾ ಮಾತಾಡಿದ್ದು ಕೇಳಿ ಕೈಹಿಡಿದು ನಿಲ್ಲಿಸಿದರು: “ನೀರಿನ ಫೋನಿನಾಗ ಕೂಗೋಕಿ ನೀನೇ ಏನವ್ವಾ?”

ಒಪ್ಪಂದದ ಅರವತ್ನಾಲ್ಕು ಅಂಶಗಳಲ್ಲಿ ನಿಜಕ್ಕೂ ಬೇಕೆಂದು ಉಳಿದದ್ದು ಏಳು. ಅವೂ ಬದಲಾಗಬಹುದು. ಮುಂದಿನ ವಾರ ಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಕೆಲಸ ಶುರು. ಅಲ್ಲಿ ನೀರು ಬಿಡುವ ಎರ್ರೆಮ್ಮ, ‘ನಿಮ್ಮ ಮಿಸ್ ಕಾಲ್ ನಮ್ಮೂರಿಗೆ ಆಗಿಬರಂಗಿಲ್ಲ’ ಎಂದು ಈಗಾಗಲೇ ಸಾರಿದ್ದಾರಂತೆ. ಬೇಸರವಾಯಿತೇ ಎಂದರೆ ಯಶೋಧರಾ ಅವರ ಮುಖ ಅರಳುತ್ತದೆ.

“ಬ್ಯಾಸರ ಯಾಕ್ರಿ? ಯಾವಾಗ ಹೋದೇನು ಅನಿಸಾಕ್ಹತ್ತೈತಿ. ಆಕಿ ಹೇಳೋದು ಪೂರ್ತಿ ಕೇಳ್ತೀನ್ರಿ. ಕಂಪ್ಯೂಟರ್ ತೆರಿಯೋದು ಆಮ್ಯಾಲೆ.”