ಕಾರ್ಡು ನನ್ನ ಕೈಯಲ್ಲೇ ಇತ್ತು

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದುಹೋಗುವವರ ಪೈಕಿ ನಾನು. ಯಂತ್ರ ಕೆಟ್ಟರೆ ಅದಕ್ಕೆ ಕಾರಣ ಇರುತ್ತದೆ, ಸರಿಯಾದರೆ ಅದಕ್ಕೂ ಕಾರಣ ಇರುತ್ತದೆ. ನೌಕರಿಯುದ್ದಕ್ಕೂ ಇದನ್ನೇ ನಂಬಿ ಅನ್ನ ತಿಂದವನು. ಅಂಥ ನನಗೆ ಈ ಒಂದು ಸಂಗತಿ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಉಳಿದುಬಿಟ್ಟಿದೆ. ಹೇಳಿಬಿಡುತ್ತೇನೆ, ನಿಮಗಾದರೂ ಏನಾದರೂ ಹೊಳೆದರೆ ಹೊಳೆಯಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬ್ಯಾಡಗಿ ಮತ್ತು ರಾಣೆಬೆನ್ನೂರಿನ ನಡುವಿನ ಒಂದು ಹಳ್ಳಿಯಲ್ಲಿ ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ, ಆ ಊರಿನವರು ಈಗಲೂ ಸಿಗುತ್ತಾರೆ. ಬಾಡಿಗೆ ಕೋಣೆಯಲ್ಲಿ ಕಪಾಟಿನಷ್ಟು ದೊಡ್ಡ ಯಂತ್ರ. ಅದನ್ನು ನಡೆಸುವ ಮುಖ್ಯ ಸರ್ಕಿಟ್ ಕಾರ್ಡುಗಳು ಎರಡು, ಅಕ್ಕಪಕ್ಕದ ಗೂಡುಗಳಲ್ಲಿ. ಒಂದು ದುಡಿಯುತ್ತಿರುತ್ತದೆ, ಇನ್ನೊಂದು ಕಾಯುತ್ತಿರುತ್ತದೆ. ದುಡಿಯುವುದು ಕೈಕೊಟ್ಟ ಕ್ಷಣವೇ ಕಾಯುವುದು ಕೆಲಸ ವಹಿಸಿಕೊಳ್ಳಬೇಕು, ಮಾತಾಡುವವರಿಗೆ ಗೊತ್ತೂ ಆಗಬಾರದು. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ ನನ್ನ ಎರಡನೇ ಕಾರ್ಡು ಕೆಟ್ಟು ರಿಪೇರಿಗೆಂದು ಹೋದದ್ದು ಹೋಗಿಯೇ ಹೋಯಿತು. ಕೇಳಿದಾಗಲೆಲ್ಲ ‘ಬರ್ತದ, ಬರ್ತದ’. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯುತ್ತ ಬಂತು. ಯಾವ ದಿನ ಏನಾಗುತ್ತದೋ ಎಂದು ನಾನೊಬ್ಬನೇ ಒದ್ದಾಡುತ್ತಿದ್ದೆ. ಮೇಲಿನವರಿಗೆ ಫೋನ್ ನಡೆಯುತ್ತಿದೆಯಲ್ಲ, ಅಷ್ಟು ಸಾಕು.

ಮೆಣಸಿನಕಾಯಿ ಸುಗ್ಗಿಯ ಒಂದು ಮಧ್ಯಾಹ್ನ ಇದ್ದ ಒಂದು ಕಾರ್ಡೂ ಕೈಕೊಟ್ಟಿತು. ಊರಿನ ಫೋನುಗಳೆಲ್ಲ ಒಮ್ಮೆಲೇ ಸತ್ತವು. ನಾನಿನ್ನೂ ಯಂತ್ರದ ಬಾಗಿಲು ತೆಗೆಯುತ್ತಿದ್ದೆ, ಕಿರಾಣಿ ಅಂಗಡಿಯ ವಿರೂಪಾಕ್ಷಪ್ಪನವರು ಓಡಿಬಂದರು. ಅವರ ಹೆಂಡತಿ ಗಂಗವ್ವನಿಗೆ ಮೊದಲಿನಿಂದಲೂ ದಮ್ಮು. ಅವತ್ತು ಅಂಗಳದಲ್ಲಿ ಆಳುಗಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು, ಆ ಘಾಟಿಗೆ ದಮ್ಮು ಎದ್ದಿತ್ತು.

“ಸಾಹೇಬ್ರ, ಆಕಿಗೆ ಉಸಿರಾಡಾಕ ಆಗವಲ್ದು, ತುಟಿ ನೀಲಿ ಆಗ್ಯಾವ. ರಾಣೆಬೆನ್ನೂರು ಡಾಕ್ಟರ್‌ಗೆ ಫೋನ್ ಹಚ್ಚಬೇಕಂದ್ರ ನಮ್ಮ ಫೋನ್ ಸತ್ತೈತ್ರಿ. ಲಗೂ ಏನರ ಮಾಡ್ರಿ!”

“ಮನಿಗೆ ಹೋಗಿ ಫೋನಿನ ಹಂತೇಕ ಕುಂದ್ರಿ. ನೋಡ್ತೇನಿ,” ಎಂದೆ.

ಊರಿನ ಒಂದೇ ಟ್ರ್ಯಾಕ್ಟರು ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೋಗಿತ್ತು. ಬಸ್ಸು ಇನ್ನು ಸಂಜೆಗೇ. ಕಾರ್ಡನ್ನು ಹೊರಗೆಳೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಅಂಚು ತಿಕ್ಕಿ ಮತ್ತೆ ಕೂರಿಸಿದೆ. ಧೂಳು ಕೂತಿದ್ದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲ. ಮತ್ತೆ ತೆಗೆದೆ, ಮತ್ತೆ ತಿಕ್ಕಿದೆ. ಎರಡನೇ ಕಾರ್ಡು ಕಳಿಸದವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು.

ಆಗ ಯಂತ್ರದೊಳಗೆ ‘ಟಕ್’ ಎಂದಿತು. ತಲೆಯೆತ್ತಿದರೆ ಒಂದು ಲೈನಿನ ದೀಪ ಹೊತ್ತಿದೆ, ಯಾರಾದರೂ ಮಾತಾಡುವಾಗ ಹೊತ್ತುವ ದೀಪ. ಕಾರ್ಡು ನನ್ನ ಎಡಗೈಯಲ್ಲಿತ್ತು, ರಬ್ಬರು ಬಲಗೈಯಲ್ಲಿ. ಎರಡೂ ಗೂಡು ಖಾಲಿ. ಸ್ವಲ್ಪ ಹೊತ್ತು ಉರಿದು ದೀಪ ಆರಿತು. ಬ್ಯಾಟರಿಯದೇನೋ ಚೇಷ್ಟೆ ಎಂದುಕೊಂಡು ಕಾರ್ಡು ಹಾಕಿ ನೋಡಿದೆ, ಜೀವ ಬರಲಿಲ್ಲ.

ಇನ್ನು ಆಗದೆಂದು ವಿರೂಪಾಕ್ಷಪ್ಪನವರ ಮನೆಗೆ ಓಡಿದೆ. ಸೈಕಲ್ ತುಳಿದಾದರೂ ರಾಣೆಬೆನ್ನೂರು ಮುಟ್ಟುತ್ತೇನೆ ಎಂದು ಹೇಳುವವನಿದ್ದೆ. ಅವರು ಬಾಗಿಲಲ್ಲೇ ಕೈಮುಗಿದರು.

“ಭಾಳ ಉಪಕಾರ ಆತ್ರಿ ಸಾಹೇಬ್ರ. ಈಗ ಫೋನ್ ಹತ್ತಿತು, ಡಾಕ್ಟರ್ ಬರಾಕತ್ತಾರ.”

ರಿಸೀವರ್ ಎತ್ತಿ ಕಿವಿಗಿಟ್ಟೆ. ಸದ್ದೇ ಇಲ್ಲ.

ಡಾಕ್ಟರ ಕಾರು ಬಂದೇಬಂತು. ಇಂಜೆಕ್ಷನ್ ಕೊಟ್ಟು ಗಂಗವ್ವನನ್ನು ಕಾರಿನಲ್ಲಿ ಕೂರಿಸಿಕೊಂಡರು. ರಾಣೆಬೆನ್ನೂರಿನ ಎಕ್ಸ್‌ಚೇಂಜಿನಿಂದ ಬೇರೆ ಕಾರ್ಡು ಎರವಲು ತರಲೆಂದು ನಾನೂ ಹತ್ತಿದೆ. ಕರೆ ಬಂದದ್ದು ಖಂಡಿತವೇ ಎಂದು ದಾರಿಯಲ್ಲಿ ಕೇಳಿದೆ.

“ಬರದ ಇದ್ರ ನಾ ಹೆಂಗ ಬರ್ತಿದ್ದೆ?” ಎಂದರು ಡಾಕ್ಟರು. “ನಿಮ್ಮೂರ ಲೈನ್ ದಿನಾ ಖರ್ ಖರ್ ಅಂತಿತ್ತು. ಇವತ್ತ ಬಾಜೂಕ ಕುಂತು ಮಾತಾಡಿದಂಗ ಕೇಳಿಸ್ತು.”

ಫೋನ್ ಸಾಯುವ ಮೊದಲೇ ಕರೆ ಹೋಗಿತ್ತೇನೋ ಎಂದು ನೀವು ಅನ್ನಬಹುದು. ಹಾಗಿದ್ದರೆ ಆ ಮನುಷ್ಯ ನನ್ನ ಬಳಿ ಓಡಿಬರುವುದೇಕೆ? ತಂತಿಗೆ ತಂತಿ ತಾಗಿರಬೇಕು ಅನ್ನಬಹುದು. ತಾಗಿದರೂ, ತಿರುಗಿಸಿದ ನಂಬರನ್ನು ತಿಳಿದು ಅದೇ ಡಾಕ್ಟರಿಗೆ ಜೋಡಿಸಲು ಒಂದು ಕಾರ್ಡಾದರೂ ಬೇಕಲ್ಲ? ಯಂತ್ರದ ನಕ್ಷೆ ಹರವಿಕೊಂಡು ವಾರಗಟ್ಟಲೆ ಕೂತೆ. ತಲೆ ಕೆಟ್ಟದ್ದಷ್ಟೇ ಲಾಭ. ಅತ್ತ ವಿರೂಪಾಕ್ಷಪ್ಪನವರು ಬಂದು ಖಾಲಿ ಗೂಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಹೋದರು. ಯಂತ್ರದ ಒಳಗಿನಿಂದ ಕುಂಕುಮ ಒರೆಸುವ ಕೆಲಸ ನನ್ನ ಪಾಲಿಗೆ ಬಂತು.

ಎರವಲು ಕಾರ್ಡನ್ನು ಎಷ್ಟು ದಿನ ಇಟ್ಟುಕೊಳ್ಳುವುದು? ನನ್ನ ಎರಡು ಕಾರ್ಡುಗಳಿಗಾಗಿ ಅಧಿಕಾರಿಯ ಮುಂದೆ ಹೋಗಿ ನಿಂತೆ. ಒಂದು ಜೀವ ಹೋಗುತ್ತಿತ್ತು ಎಂಬುದಾದರೂ ಅವರಿಗೆ ತಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ಕಾರ್ಡ್ ಇಲ್ಲದನ ಫೋನ್ ಹೋಗ್ತದ ಅಂತೀರಿ. ಮತ್ತ ಎರಡೆರಡು ಯಾಕ ಬೇಕ್ರಿ ನಿಮಗ?”

ಒಂದನ್ನೇ ಕೊಟ್ಟು ಕಳಿಸಿದರು. ಮೈಯೆಲ್ಲ ಉರಿಯಿತು, ಆದರೆ ನಾನು ಹೇಳಿದ್ದು ಸುಳ್ಳು ಎನ್ನುವಂತಿರಲಿಲ್ಲ. ಆ ಒಂದೇ ಕಾರ್ಡು ಹಿಡಿದು ಊರಿಗೆ ಮರಳಿದರೆ, ಗಂಗವ್ವ ಅಂಗಡಿಯಲ್ಲಿ ಕೂತು ಬೆಲ್ಲ ತೂಗುತ್ತಿದ್ದಳು.